ಕೆಲಸ ನಡೆಯಿತು, ಫಲ ಬರಲಿಲ್ಲ: ಸರ್ವರ್‌ನ ನಿಗದಿತ ಕೆಲಸಗಳ ತಪಾಸಣೆ ಹೇಗೆ?

ಪ್ರಶ್ನೆ: ಜಮಖಂಡಿ ತಾಲ್ಲೂಕಿನ ಸಕ್ಕರೆ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತೇನೆ. ನನಗಿಂತ ಮೊದಲು ಇದ್ದವರು ಕೆಲಸ ಬಿಟ್ಟು ವರ್ಷವಾಯಿತು. ಬಾಡಿಗೆಯ ಕ್ಲೌಡ್ ಸರ್ವರ್‌ನಲ್ಲಿ (ಲಿನಕ್ಸ್) ಅವರು ಹಾಕಿಟ್ಟ ಕ್ರಾನ್ ಕೆಲಸಗಳು (ಗೊತ್ತಾದ ಸಮಯಕ್ಕೆ ತಾನಾಗಿ ಓಡುವ ಕೆಲಸಗಳು) ಅರವತ್ತಕ್ಕೂ ಹೆಚ್ಚಿವೆ. ಅರ್ಧದಷ್ಟು ಏಕೆ ಇವೆ ಎಂಬುದೇ ತಿಳಿಯದು. ಕಬ್ಬು ತೂಗುವ ಕಾಟಾದ ಹತ್ತಿರ ಒಂದು ವಿಂಡೋಸ್ ಕಂಪ್ಯೂಟರ್ ಇದೆ. ಹೋದ ಹಂಗಾಮಿನಲ್ಲಿ ರೈತರಿಗೆ ಹೋಗಬೇಕಾದ ತೂಕದ ಎಸ್‌ಎಂಎಸ್ ಹಲವು ದಿನ ನಿಂತುಹೋಗಿ, ರೈತರೇ ಗೇಟಿಗೆ ಬಂದು ಕೇಳುವವರೆಗೂ ಯಾರಿಗೂ ಗೊತ್ತಾಗಲಿಲ್ಲ. ಕಚೇರಿಯವರು ಸಂದೇಶದ ವಾಕ್ಯ ಬದಲಿಸಿದ್ದೇ ಕಾರಣ ಎಂದು ಆಮೇಲೆ ತಿಳಿಯಿತು. ಇವನ್ನೆಲ್ಲ ತಾನಾಗಿ ತಪಾಸಣೆ ಮಾಡುವ ಸಾಫ್ಟ್‌ವೇರ್ ಇದೆಯೇ? ಗೊತ್ತಿಲ್ಲದ ಕೆಲಸಗಳನ್ನು ಅಳಿಸಬಹುದೇ? ಲೆಕ್ಕಪರಿಶೋಧಕರು ‘ದಾಖಲೆ ಕೊಡಿ’ ಎನ್ನುತ್ತಿದ್ದಾರೆ, ಏನು ಕೊಡಲಿ?

ಉತ್ತರ: ಸಾಫ್ಟ್‌ವೇರ್‌ಗಳಿವೆ. ಓಎಸ್‌ಕ್ವೆರಿ ಎಂಬ ಮುಕ್ತ ತಂತ್ರಾಂಶದಲ್ಲಿ ಕ್ರಾನ್‌ಟ್ಯಾಬ್ (ಕ್ರಾನ್ ಕೆಲಸಗಳ ಪಟ್ಟಿ) ಹೆಸರಿನ ಕೋಷ್ಟಕವೇ ಇದೆ. ಡೇಟಾಬೇಸ್ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಒಂದು ಸಾಲು ಬರೆದರೆ ಕೆಲಸಗಳ ಪಟ್ಟಿ ಕೈಗೆ ಬರುತ್ತದೆ. ಲೈನಿಸ್ ಇಡೀ ಯಂತ್ರದ ಭದ್ರತೆ ನೋಡುವಾಗ ಕ್ರಾನ್ ಕಡೆಗೂ ಕಣ್ಣು ಹಾಯಿಸುತ್ತದೆ. ವಾಝೂ ಫೈಲ್‌ಗಳು ಬದಲಾದರೆ ಎಚ್ಚರಿಸುತ್ತದೆ. ಯಾವುದನ್ನು ಹಾಕಿಕೊಂಡರೂ ನಷ್ಟವಿಲ್ಲ. ಆದರೆ ನಿಮ್ಮ ಎಸ್‌ಎಂಎಸ್ ಪ್ರಸಂಗವನ್ನು ಇವುಗಳಲ್ಲಿ ಒಂದೂ ಹಿಡಿಯುತ್ತಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಅಲ್ಲಿ ಏನಾಯಿತೆಂದು ನೋಡಿ. ಕ್ರಾನ್ ಸಾಲು ಇದ್ದಲ್ಲೇ ಇತ್ತು. ಸಮಯಕ್ಕೆ ಸರಿಯಾಗಿ ಸ್ಕ್ರಿಪ್ಟ್ (ಆದೇಶಗಳನ್ನು ಬರೆದಿಟ್ಟ ಫೈಲ್) ಓಡಿತು. ಎಸ್‌ಎಂಎಸ್ ಕಂಪನಿಯ ಸರ್ವರ್ ಮನವಿಯನ್ನು ಸ್ವೀಕರಿಸಿತು. ಸ್ಕ್ರಿಪ್ಟ್ ಸೊನ್ನೆ ಸಂಕೇತ ಕೊಟ್ಟು, ಅಂದರೆ ‘ಎಲ್ಲ ಸರಿಯಾಗಿದೆ’ ಎಂದು ಹೇಳಿ ಮುಗಿಯಿತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2018ರ ನಿಯಮಾವಳಿಯ ಪ್ರಕಾರ ಇಂಥ ಸಂದೇಶಗಳ ಮಾದರಿಯನ್ನು ದೂರಸಂಪರ್ಕ ಕಂಪನಿಗಳ ಡಿಎಲ್‌ಟಿ ಎಂಬ ನೋಂದಣಿ ವೇದಿಕೆಯಲ್ಲಿ ಮೊದಲೇ ನೋಂದಾಯಿಸಿರಬೇಕು. ನೋಂದಾಯಿಸಿದ ಮಾದರಿಗೆ ಹೊಂದದ ಸಂದೇಶವನ್ನು ದೂರಸಂಪರ್ಕ ಕಂಪನಿ ತಡೆದುಬಿಡುತ್ತದೆ. ವಾಕ್ಯ ಬದಲಾಯಿತು, ನೋಂದಣಿ ಬದಲಾಗಲಿಲ್ಲ. ನಿಮ್ಮ ಸರ್ವರ್‌ನ ಮಟ್ಟಿಗೆ ದೋಷವೇ ಇರಲಿಲ್ಲ.

ಇನ್ನೊಂದು ಸಾಧ್ಯತೆಯನ್ನೂ ನೋಡಿಕೊಳ್ಳಿ. ಸ್ಕ್ರಿಪ್ಟ್‌ನಲ್ಲಿ ಕರ್ಲ್ (ವೆಬ್ ವಿಳಾಸಕ್ಕೆ ಮನವಿ ಕಳಿಸುವ ಸಲಕರಣೆ) ಬಳಸಿದ್ದರೆ, ಎದುರಿನ ಸರ್ವರ್ 404 ಅಥವಾ 500 ಎಂದು ಬೈದರೂ ಕರ್ಲ್ ತನ್ನ ಕಡೆಯಿಂದ ಸೊನ್ನೆಯನ್ನೇ ಹಿಂತಿರುಗಿಸುತ್ತದೆ. ‘ಫೇಲ್’ ಎಂಬ ಆಯ್ಕೆ ಸೇರಿಸಿದರೆ ಮಾತ್ರ ಅದು ವೈಫಲ್ಯವನ್ನು ಒಪ್ಪಿಕೊಳ್ಳುತ್ತದೆ.

ಹಾಗಾಗಿ ನಿಮ್ಮ ತಪಾಸಣೆ ಕೇಳಬೇಕಾದ ಪ್ರಶ್ನೆ ‘ಕೆಲಸ ಓಡಿತೇ’ ಎಂಬುದಲ್ಲ, ‘ಆ ಕೆಲಸದಿಂದ ಹುಟ್ಟಬೇಕಾದದ್ದು ಹುಟ್ಟಿತೇ’ ಎಂಬುದು. ನಿನ್ನೆ ಕಾಟಾದಲ್ಲಿ ಎಷ್ಟು ತೂಕದ ಚೀಟಿ ಹರಿದವು, ಎಸ್‌ಎಂಎಸ್ ಕಂಪನಿಯ ವರದಿಯಲ್ಲಿ ‘ತಲುಪಿದೆ’ ಎಂದು ಎಷ್ಟು ಇವೆ? ಈ ಎರಡು ಸಂಖ್ಯೆಗಳನ್ನು ದಿನಾ ಬೆಳಿಗ್ಗೆ ಹೋಲಿಸುವ ಹತ್ತು ಸಾಲಿನ ಸ್ಕ್ರಿಪ್ಟ್ ಇದ್ದಿದ್ದರೆ ಮರುದಿನವೇ ಗುಟ್ಟು ರಟ್ಟಾಗುತ್ತಿತ್ತು. ಮೊಬೈಲ್ ಸ್ವಿಚ್ ಆಫ್ ಇರುವವರು, ನಂಬರ್ ಬದಲಿಸಿದವರು ಇರುವುದರಿಂದ ಎರಡೂ ಸಂಖ್ಯೆ ತಂತಾನೇ ಸಮನಾಗುವುದಿಲ್ಲ. ಮಾಮೂಲಿ ಅಂತರ ಎಷ್ಟೆಂದು ಎರಡು ವಾರ ಗಮನಿಸಿ, ಅದನ್ನು ಮೀರಿದಾಗ ಮಾತ್ರ ಕೂಗುವಂತೆ ಮಾಡಿ.

ಇದು ಸಣ್ಣ ಕಚೇರಿಗಳ ಕಾಯಿಲೆ ಮಾತ್ರ ಎಂದುಕೊಳ್ಳಬೇಡಿ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರ್ ಒಬ್ಬರು ಮುಖ್ಯ ಡೇಟಾಬೇಸ್‌ನ ಫೋಲ್ಡರನ್ನೇ ತಪ್ಪಾಗಿ ಅಳಿಸಿದರು. ಬ್ಯಾಕಪ್ ಹುಡುಕಿದರೆ ಅದನ್ನು ಇಡುವ ಜಾಗ ಖಾಲಿ. ಡೇಟಾಬೇಸ್ ಪೋಸ್ಟ್‌ಗ್ರೆಸ್ ತಂತ್ರಾಂಶದ 9.6 ಆವೃತ್ತಿಯಲ್ಲಿತ್ತು, ಬ್ಯಾಕಪ್ ತೆಗೆಯುವ ಉಪಕರಣ 9.2 ಆವೃತ್ತಿಯದ್ದು ಓಡುತ್ತಿತ್ತು, ಹಾಗಾಗಿ ಬ್ಯಾಕಪ್ ಪ್ರತಿ ಸಲವೂ ವಿಫಲವಾಗುತ್ತಿತ್ತು. ಕ್ರಾನ್ ತನ್ನ ಕರ್ತವ್ಯದಂತೆ ದೋಷದ ಮೇಲ್ ಕಳಿಸುತ್ತಲೇ ಇತ್ತು, ಆದರೆ ಆ ಮೇಲ್‌ಗಳಿಗೆ ಕಳಿಸಿದವರು ಅಸಲಿಯೆಂದು ತೋರಿಸುವ ಡಿಮಾರ್ಕ್ ದೃಢೀಕರಣ ಇರಲಿಲ್ಲವಾದ್ದರಿಂದ ಎದುರಿನ ಮೇಲ್ ಸರ್ವರ್ ಅವನ್ನು ತಿರಸ್ಕರಿಸುತ್ತಿತ್ತು. ಬೇರೆ ಉದ್ದೇಶಕ್ಕೆಂದು ಸುಮಾರು ಆರು ಗಂಟೆ ಮೊದಲು ಕೈಯಾರೆ ತೆಗೆದಿದ್ದ ಪ್ರತಿಯೊಂದು ಸಿಕ್ಕಿದ್ದರಿಂದ ಅವರು ಉಳಿದುಕೊಂಡರು. ಈ ವಿವರಗಳನ್ನು ಕಂಪನಿಯೇ ಬಹಿರಂಗವಾಗಿ ಬರೆದುಕೊಂಡಿತು, ಅದು ಮೆಚ್ಚಬೇಕಾದ ಗುಣ. ನಮ್ಮ ಕಡೆ ಇಂಥದ್ದು ನಡೆದರೆ ಮೊದಲು ಆಗುವ ಕೆಲಸ ಬಾಯಿ ಮುಚ್ಚಿಸುವುದು.

ಬ್ಯಾಕಪ್ ಮಾತು ಬಂದದ್ದರಿಂದ ಇನ್ನೊಂದು. ಡೇಟಾಬೇಸ್‌ನಿಂದ ತೆಗೆದದ್ದನ್ನು ಪೈಪ್ (ಒಂದು ಆದೇಶದ ಫಲವನ್ನು ಮುಂದಿನದಕ್ಕೆ ದಾಟಿಸುವ ಚಿಹ್ನೆ) ಮೂಲಕ ಫೈಲ್ ಕುಗ್ಗಿಸುವ ಜಿಜಿಪ್‌ಗೆ ಕೊಡುವ ಸಾಲು ನಿಮ್ಮಲ್ಲೂ ಇದ್ದೇ ಇರುತ್ತದೆ. ಪೈಪ್ ಹಾಕಿದಾಗ, ಆದೇಶಗಳನ್ನು ಓಡಿಸುವ ಶೆಲ್ ನೋಡುವುದು ಕೊನೆಯ ಆದೇಶದ ಫಲಿತಾಂಶವನ್ನು ಮಾತ್ರ. ಮೊದಲನೆಯದು ಪಾಸ್‌ವರ್ಡ್ ತಪ್ಪೆಂದು ಸತ್ತರೂ ಜಿಜಿಪ್ ಏನೂ ಇಲ್ಲದ್ದನ್ನೇ ಅಚ್ಚುಕಟ್ಟಾಗಿ ಕುಗ್ಗಿಸಿ ‘ಯಶಸ್ವಿ’ ಎನ್ನುತ್ತದೆ. ಆ ಫೈಲ್‌ನ ಗಾತ್ರ ಸರಿಯಾಗಿ 20 ಬೈಟ್. ಬ್ಯಾಕಪ್ ಫೋಲ್ಡರ್‌ನಲ್ಲಿ 20 ಬೈಟ್‌ನ ಫೈಲ್‌ಗಳ ಸಾಲು ಕಂಡರೆ ಎದೆ ಗಟ್ಟಿ ಮಾಡಿಕೊಳ್ಳಿ. ಸ್ಕ್ರಿಪ್ಟನ್ನು ಬ್ಯಾಶ್ ಎಂಬ ಶೆಲ್‌ನಲ್ಲಿ ಓಡಿಸಿ ‘ಪೈಪ್‌ಫೇಲ್’ ಎಂಬ ಆಯ್ಕೆ ಹಾಕಿದರೆ ಇದು ತಪ್ಪುತ್ತದೆ. ಅದರ ಮೇಲೂ, ಇಂದಿನ ಫೈಲ್ 26 ಗಂಟೆಗಿಂತ ಹೊಸದೇ, ನಿನ್ನೆಯದರ ಅರ್ಧಕ್ಕಿಂತ ದೊಡ್ಡದೇ ಎಂದು ತಪಾಸಣೆ ನೋಡಲಿ. ವಾರಕ್ಕೊಮ್ಮೆ ಬೇರೆ ಯಂತ್ರದಲ್ಲಿ ಅದನ್ನು ತೆರೆದು ನೋಡಿ. ತೆರೆಯಲಾಗದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ.

ಈಗ ಪಟ್ಟಿ ಮಾಡುವ ಕೆಲಸ. ‘ಕ್ರಾನ್‌ಟ್ಯಾಬ್ ನೋಡಿದೆ, ಅರವತ್ತು ಇವೆ’ ಎಂದು ನೀವು ಹೇಳುತ್ತಿರುವುದು ಬಹುಶಃ ಒಬ್ಬ ಬಳಕೆದಾರನ ಪಟ್ಟಿ. ಪ್ರತಿ ಬಳಕೆದಾರನಿಗೂ ಪ್ರತ್ಯೇಕ ಕ್ರಾನ್‌ಟ್ಯಾಬ್ ಇರಬಹುದು. ಡೆಬಿಯನ್, ಉಬುಂಟುಗಳಲ್ಲಿ ಅವು ವಾರ್, ಸ್ಪೂಲ್, ಕ್ರಾನ್ ಫೋಲ್ಡರ್‌ಗಳ ಒಳಗಿನ ಕ್ರಾನ್‌ಟ್ಯಾಬ್ಸ್‌ನಲ್ಲಿರುತ್ತವೆ, ರೆಡ್ ಹ್ಯಾಟ್ ಬಳಗದಲ್ಲಿ ಒಂದು ಮೆಟ್ಟಿಲು ಮೇಲೆ. ಇದಲ್ಲದೆ ಇಟಿಸಿ ಫೋಲ್ಡರ್‌ನಲ್ಲಿ ಇಡೀ ಯಂತ್ರದ ಕ್ರಾನ್‌ಟ್ಯಾಬ್ ಒಂದು, ಕ್ರಾನ್-ಡಿ ಫೋಲ್ಡರ್ ಒಂದು, ಗಂಟೆ, ದಿನ, ವಾರ, ತಿಂಗಳಿಗೆ ಒಂದೊಂದು ಫೋಲ್ಡರ್. ಒಮ್ಮೆ ಮಾತ್ರ ಓಡುವ ‘ಆ್ಯಟ್’ ಕೆಲಸಗಳು ಬೇರೆ. ಲಿನಕ್ಸ್‌ನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ ಟೈಮರ್‌ಗಳು ಬೇರೆ. ಅವನ್ನು ಸಿಸ್ಟಮ್‌ಸಿಟಿಎಲ್‌ನ ಲಿಸ್ಟ್-ಟೈಮರ್ಸ್ ಆದೇಶ ತೋರಿಸುತ್ತದೆ, ‘ಆಲ್’ ಎಂದು ಸೇರಿಸಲು ಮರೆಯಬೇಡಿ. ಡೇಟಾಬೇಸ್‌ನ ಹೊಟ್ಟೆಯೊಳಗೂ ಕೆಲಸಗಳಿರುತ್ತವೆ: ಮೈಎಸ್‌ಕ್ಯೂಎಲ್‌ನ ಇವೆಂಟ್‌ಗಳು, ಪೋಸ್ಟ್‌ಗ್ರೆಸ್‌ಗೆ ಪಿಜಿ-ಕ್ರಾನ್. ನಿಮ್ಮ ಲೆಕ್ಕಪತ್ರದ ತಂತ್ರಾಂಶ ಲಾರವೆಲ್ ಎಂಬ ವೆಬ್ ಚೌಕಟ್ಟಿನಲ್ಲಿ ಬರೆದದ್ದಾದರೆ, ಪ್ರತಿ ನಿಮಿಷ ಓಡುವ ಒಂದೇ ಒಂದು ಕ್ರಾನ್ ಸಾಲಿನ ಹಿಂದೆ ಇಪ್ಪತ್ತು ಕೆಲಸ ಅಡಗಿರಬಹುದು. ಅದರದೇ ಷೆಡ್ಯೂಲ್-ಲಿಸ್ಟ್ ಆದೇಶ ಕೊಟ್ಟರೆ ಮಾತ್ರ ಹೊರಬರುತ್ತವೆ.

ಹೀಗೆ ಸಂಗ್ರಹಿಸುವಾಗ ಓಡುತ್ತಿರುವ ಹಾಗೆ ಕಾಣುವ, ಆದರೆ ಓಡದ ಕೆಲಸಗಳು ಸಿಗುತ್ತವೆ. ಡೆಬಿಯನ್ ಬಳಗದಲ್ಲಿ ದಿನದ ಫೋಲ್ಡರ್‌ಗೆ ಹಾಕಿದ ಸ್ಕ್ರಿಪ್ಟ್‌ನ ಹೆಸರಿನಲ್ಲಿ ಚುಕ್ಕಿ ಇದ್ದರೆ, ಉದಾಹರಣೆಗೆ ‘ಬ್ಯಾಕಪ್’ ಎಂಬ ಹೆಸರಿನ ಕೊನೆಗೆ ಚುಕ್ಕಿ ಇಟ್ಟು ‘ಎಸ್‌ಎಚ್’ ಎಂದಿದ್ದರೆ, ಅದನ್ನು ಓಡಿಸುವ ರನ್-ಪಾರ್ಟ್ಸ್ ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತದೆ. ಕ್ರಾನ್-ಡಿಯಲ್ಲೂ ಇದೇ ಕಥೆ. ಕ್ರಾನ್‌ಟ್ಯಾಬ್‌ನಲ್ಲಿ ಶೇಕಡಾ ಚಿಹ್ನೆ ಬಂದರೆ ಕ್ರಾನ್ ಅದನ್ನು ಹೊಸ ಸಾಲು ಎಂದು ತಿಳಿಯುತ್ತದೆ. ಫೈಲ್ ಹೆಸರಿಗೆ ದಿನಾಂಕ ಸೇರಿಸಲು ಹೋದವರು ಅಲ್ಲಿ ಮುಗ್ಗರಿಸುತ್ತಾರೆ. ತಿಂಗಳ ತಾರೀಖು, ವಾರ ಎರಡನ್ನೂ ಬರೆದರೆ ಎರಡೂ ಒಟ್ಟಿಗೆ ಕೂಡಿದ ದಿನ ಎಂದಲ್ಲ, ಎರಡರಲ್ಲಿ ಯಾವುದಾದರೂ ಒಂದು ಎಂದು ಅರ್ಥ. ‘ತಿಂಗಳ ಮೊದಲ ಸೋಮವಾರ’ ಎಂದುಕೊಂಡು 1ರಿಂದ 7 ಮತ್ತು ಸೋಮವಾರ ಎಂದು ಬರೆದರೆ, ಮೊದಲ ಏಳೂ ದಿನ ಓಡಿ ಆಮೇಲೆ ಪ್ರತಿ ಸೋಮವಾರವೂ ಓಡುತ್ತದೆ. ಅರವತ್ತು ಸಾಲುಗಳಲ್ಲಿ ಇಂಥದ್ದು ಒಂದಾದರೂ ಇರುತ್ತದೆ.

ನಿಮ್ಮ ವ್ಯವಹಾರಕ್ಕೆ ಎಲ್ಲಕ್ಕಿಂತ ಅಪಾಯಕಾರಿ ಗಡಿಯಾರದ ಸಮಸ್ಯೆ. ಬಾಡಿಗೆ ಸರ್ವರ್‌ಗಳು ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿರುತ್ತವೆ, ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಕಾಟಾ ರಾತ್ರಿಯಿಡೀ ನಡೆಯುತ್ತದೆ. ಮಧ್ಯರಾತ್ರಿಯಿಂದ ಬೆಳಗಿನ ಐದೂವರೆಯವರೆಗೆ ತೂಗಿದ ಕಬ್ಬು ಸರ್ವರ್‌ನ ದೃಷ್ಟಿಯಲ್ಲಿ ಹಿಂದಿನ ದಿನದ್ದು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ತೆರಬೇಕು. ‘ಇಂದು ಯಾರ್ಯಾರಿಗೆ ಹಣ ಕೊಡಬೇಕು’ ಎಂಬ ಪಟ್ಟಿಯನ್ನು ರಾತ್ರಿ ಒಂದು ಗಂಟೆಗೆ ತೆಗೆಯುವ ಕೆಲಸವಿದ್ದು, ಅದು ಸರ್ವರ್‌ನ ‘ಇಂದು’ವನ್ನೇ ನಂಬಿದರೆ ಕೈಗೆ ಬರುವುದು ನಿನ್ನೆಯ ಪಟ್ಟಿ. ತಿಂಗಳ ಒಂದನೇ ತಾರೀಖಿನ ವರದಿಗಳಿಗೂ ಇದೇ ಗತಿ. ಗಡಿಯಾರ ಬದಲಿಸಿಬಿಡೋಣ ಎಂದು ಹಂಗಾಮಿನ ನಡುವೆ ಕೈ ಹಾಕಬೇಡಿ. ಐದೂವರೆ ಗಂಟೆ ಕೂಡಿಸಿ ಕಳೆದು ಹಳಬರು ಬರೆದ ಸಾಲುಗಳೆಲ್ಲ ಒಂದೇ ಏಟಿಗೆ ತಪ್ಪುತ್ತವೆ. ಈಗ ಪ್ರತಿ ಸಾಲಿನ ಮುಂದೆ ಭಾರತೀಯ ಸಮಯದಲ್ಲಿ ಅದು ಎಷ್ಟು ಗಂಟೆ ಎಂದು ಬರೆದಿಡಿ, ಬದಲಾವಣೆ ಕಾರ್ಖಾನೆ ನಿಂತ ಮೇಲಿರಲಿ.

ಪಟ್ಟಿ ಬಂತು. ಇದು ‘ಏನಿದೆ’ ಎಂಬುದಕ್ಕೆ ಉತ್ತರ. ‘ಏನಿರಬೇಕು’ ಎಂಬುದನ್ನು ಯಾವ ಸಾಫ್ಟ್‌ವೇರೂ ಹೇಳಲಾರದು. ಅದನ್ನು ನೀವು, ಕಬ್ಬು ವಿಭಾಗದವರು, ಲೆಕ್ಕ ವಿಭಾಗದವರು ಕೂತು ಬರೆಯಬೇಕು. ಗೋದಾಮಿನಲ್ಲಿ ಸಕ್ಕರೆ ಚೀಲ ಎಣಿಸಿದರಷ್ಟೇ ತಪಾಸಣೆ ಮುಗಿಯಿತೇ? ವಹಿಯೊಂದಿಗೆ ತಾಳೆ ನೋಡಿದಾಗ ತಾನೇ ಕಳುವೋ ತಪ್ಪೋ ತಿಳಿಯುವುದು. ಇಲ್ಲಿಯೂ ಒಂದು ವಹಿ ಬೇಕು. ಪ್ರತಿ ಕೆಲಸಕ್ಕೂ ಅದರ ಹೆಸರು, ಅದು ಯಾವ ಬಳಕೆದಾರನ ಹೆಸರಲ್ಲಿ ಓಡುತ್ತದೆ, ಹಂಗಾಮಿನಲ್ಲಿ ಮಾತ್ರವೋ ವರ್ಷವಿಡೀಯೋ, ಅದರಿಂದ ಏನು ಹುಟ್ಟಬೇಕು, ಅದು ನಿಂತರೆ ಮೊದಲು ಯಾರಿಗೆ ತೊಂದರೆ ಎಂದು ಬರೆಯಿರಿ. ಕೊನೆಯ ಕಾಲಂ ಬಹಳ ಮುಖ್ಯ. ಅಲ್ಲಿ ಬರೆಯಲು ಹೆಸರೇ ಸಿಗದ ಕೆಲಸ ಬೇಡವಾದ ಕೆಲಸವಿರಬಹುದು. ಎಕ್ಸೆಲ್‌ನಲ್ಲಿ ಶುರು ಮಾಡಿದರೂ ಸರಿ, ಕ್ರಮೇಣ ಸರಳ ಪಠ್ಯದ ಫೈಲ್‌ಗೆ ತಂದು ಗಿಟ್‌ನಲ್ಲಿಡಿ. ಯಾರು ಯಾವಾಗ ಬದಲಿಸಿದರು ಎಂಬುದು ತಾನಾಗಿ ದಾಖಲಾಗುತ್ತದೆ.

ನೀವು ಕೇಳಿದ ತನ್ನಿಂತಾನೇ ನಡೆಯುವ ತಪಾಸಣೆ ಈಗ ಶುರುವಾಗುತ್ತದೆ. ದಿನಕ್ಕೊಮ್ಮೆ ಸ್ಕ್ರಿಪ್ಟೊಂದು ಮೇಲೆ ಹೇಳಿದ ಎಲ್ಲ ಜಾಗಗಳಿಂದ ಸಾಲುಗಳನ್ನು ತಂದು, ಖಾಲಿ ಜಾಗ ಮತ್ತು ಟಿಪ್ಪಣಿಗಳನ್ನು ತೆಗೆದು, ವಹಿಯೊಂದಿಗೆ ಹೋಲಿಸಲಿ. ವಹಿಯಲ್ಲಿದ್ದು ಸರ್ವರ್‌ನಲ್ಲಿಲ್ಲದ್ದು, ಸರ್ವರ್‌ನಲ್ಲಿದ್ದು ವಹಿಯಲ್ಲಿಲ್ಲದ್ದು, ಎರಡೂ ಕಡೆ ಇದ್ದು ಸಮಯವೋ ಆದೇಶವೋ ಬದಲಾದದ್ದು, ಹಾಗೂ ಓಡಿಯೂ ಫಲ ಕೊಡದ್ದು: ವರದಿಯಲ್ಲಿ ಇಷ್ಟೇ ಇರಲಿ. ಕ್ರಾನ್ ಸಾಲು ಹಾಗೇ ಇದ್ದು ಅದು ಕರೆಯುವ ಸ್ಕ್ರಿಪ್ಟ್ ಬದಲಾಗಿರಬಹುದು, ಆದ್ದರಿಂದ ಪ್ರತಿ ಸ್ಕ್ರಿಪ್ಟ್‌ನ ಎಸ್‌ಎಚ್‌ಎ-256 ಮೊತ್ತವನ್ನೂ (ಫೈಲ್‌ನ ಬೆರಳಚ್ಚಿನಂಥ ಸಂಕೇತ) ವಹಿಯಲ್ಲಿಡಿ. ಇಟಿಸಿ ಫೋಲ್ಡರನ್ನು ಗಿಟ್‌ನಲ್ಲಿಡುವ ಇಟಿಸಿ-ಕೀಪರ್ ಎಂಬ ಸಿದ್ಧ ಸಲಕರಣೆ ಇದೆ, ಒಳ್ಳೆಯದೇ. ಆದರೆ ಬಳಕೆದಾರರ ಕ್ರಾನ್‌ಟ್ಯಾಬ್‌ಗಳು ಇಟಿಸಿಯಲ್ಲಿ ಇಲ್ಲವಾದ್ದರಿಂದ ಅದನ್ನೊಂದೇ ನಂಬಿದವರ ಕಣ್ಣಿಗೆ ಅತಿ ಮುಖ್ಯವಾದವೇ ಬೀಳುವುದಿಲ್ಲ.

ಈ ತಪಾಸಣೆಯನ್ನು ಅದೇ ಸರ್ವರ್‌ನ ಕ್ರಾನ್‌ನಲ್ಲಿ ಹಾಕಬೇಡಿ. ಕ್ರಾನ್ ಸತ್ತರೆ ‘ಕ್ರಾನ್ ಸತ್ತಿದೆ’ ಎಂದು ಹೇಳುವವನೂ ಸತ್ತಿರುತ್ತಾನೆ. ಕಚೇರಿಯ ಬೇರೊಂದು ಯಂತ್ರದಿಂದ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಸುರಕ್ಷಿತ ಸಂಪರ್ಕ) ಮೂಲಕ ಬಂದು ಓದಿಕೊಂಡು ಹೋಗಲಿ; ಆ ಕೀಲಿಗೆ ಪಟ್ಟಿ ಓದುವ ಒಂದೇ ಆದೇಶದ ಅನುಮತಿ ಸಾಕು. ಮುಖ್ಯ ಕೆಲಸಗಳು ಮುಗಿದಾಗಲೆಲ್ಲ ಹೊರಗಿನ ಒಂದು ವಿಳಾಸಕ್ಕೆ ‘ಮುಗಿಯಿತು’ ಎಂದು ಸುದ್ದಿ ಮುಟ್ಟಿಸಲಿ, ಗೊತ್ತಾದ ಸಮಯದೊಳಗೆ ಸುದ್ದಿ ಬರದಿದ್ದರೆ ಆ ಕಡೆಯಿಂದ ನಿಮ್ಮ ಮೊಬೈಲ್‌ಗೆ ಎಚ್ಚರಿಕೆ ಬರಲಿ. ಹೆಲ್ತ್‌ಚೆಕ್ಸ್ ಎಂಬ ಮುಕ್ತ ತಂತ್ರಾಂಶ ಇದನ್ನೇ ಮಾಡುತ್ತದೆ. ದೋಷ ಬಂದಾಗ ಮೇಲ್ ಕಳಿಸುವ ಹಳೆಯ ಪದ್ಧತಿಗಿಂತ ಇದು ಎಷ್ಟೋ ಮೇಲು, ಏಕೆಂದರೆ ಇಲ್ಲಿ ಮೌನವೇ ದೋಷ. ಗಿಟ್‌ಲ್ಯಾಬ್‌ನವರಿಗೆ ಮೌನ ಎಂದರೆ ಕ್ಷೇಮ ಎಂದಾಗಿತ್ತು.

ಕಾಟಾದ ವಿಂಡೋಸ್ ಯಂತ್ರದ ಬಗ್ಗೆ ಚಿಕ್ಕದಾಗಿ. ಅಲ್ಲಿನ ಟಾಸ್ಕ್ ಷೆಡ್ಯೂಲರ್‌ನಲ್ಲಿ ‘ಬಳಕೆದಾರ ಲಾಗಿನ್ ಆಗಿದ್ದಾಗ ಮಾತ್ರ ಓಡಿಸು’ ಎಂಬ ಆಯ್ಕೆ ಇದ್ದರೆ, ಪಾಳಿ ಬದಲಾಗುವಾಗ ಕಾಟಾದವರು ಲಾಗ್‌ಔಟ್ ಮಾಡಿದ ಕೂಡಲೇ ಕೆಲಸ ನಿಲ್ಲುತ್ತದೆ. ಕೆಲಸಗಳ ಇತಿಹಾಸ ದಾಖಲಿಸುವ ಸೌಲಭ್ಯ ಸಾಮಾನ್ಯವಾಗಿ ಮುಚ್ಚಿರುತ್ತದೆ, ತೆರೆದುಕೊಳ್ಳಿ. ಭದ್ರತಾ ಲಾಗ್‌ನಲ್ಲಿ 4698 ಎಂದರೆ ಹೊಸ ಕೆಲಸ ಸೇರಿದೆ, 4702 ಎಂದರೆ ಇದ್ದದ್ದು ಬದಲಾಗಿದೆ. ಆದರೆ ಆಡಿಟ್ ನೀತಿಯಲ್ಲಿ ಅದಕ್ಕೆ ಅನುಮತಿ ಕೊಟ್ಟಿದ್ದರೆ ಮಾತ್ರ ಇವು ಬರೆಯಲ್ಪಡುತ್ತವೆ. ಕರೆಂಟ್ ಹೋಗಿ ಯಂತ್ರ ಬಂದ್ ಆದಾಗ ತಪ್ಪಿದ ಕೆಲಸವನ್ನು ಮತ್ತೆ ಓಡಿಸುವ ಆಯ್ಕೆಯನ್ನೂ ಟಿಕ್ ಮಾಡಿ.

ಭದ್ರತೆಯ ಮಾತು ಬಂದಿತು. ಸರ್ವರ್‌ಗೆ ನುಗ್ಗಿದವರು ಮೊದಲು ಗೂಡು ಕಟ್ಟುವುದು ಕ್ರಾನ್‌ನಲ್ಲಿ. ಕಿನ್ಸಿಂಗ್ ಎಂಬ ದುಷ್ಟ ತಂತ್ರಾಂಶ ಪ್ರತಿ ನಿಮಿಷಕ್ಕೊಮ್ಮೆ ಹೊರಗಿನಿಂದ ಸ್ಕ್ರಿಪ್ಟ್ ತಂದು ಓಡಿಸುವ ಕ್ರಾನ್ ಸಾಲು ಸೇರಿಸಿ, ನೀವು ಎಷ್ಟು ಸಲ ಕೊಂದರೂ ಎದ್ದು ಬಂದು ಕ್ರಿಪ್ಟೊ ನಾಣ್ಯ ಗಣಿಗಾರಿಕೆ ಮಾಡುತ್ತದೆ. ಕರ್ಲ್ ಅಥವಾ ವಿಗೆಟ್‌ನಿಂದ ತಂದದ್ದನ್ನು ನೇರವಾಗಿ ಶೆಲ್‌ಗೆ ಸುರಿಯುವ ಸಾಲು ಕಂಡರೆ ಅನುಮಾನಿಸಿ. ಇದಕ್ಕಿಂತ ಸಾಮಾನ್ಯವಾದ ದೋಷ ಇನ್ನೊಂದಿದೆ: ಯಂತ್ರದ ಮೇಲೆ ಪೂರ್ಣ ಅಧಿಕಾರವಿರುವ ರೂಟ್ ಖಾತೆಯ ಹೆಸರಲ್ಲಿ ಓಡುವ ಸ್ಕ್ರಿಪ್ಟನ್ನು ಬೇರೆ ಬಳಕೆದಾರರೂ ತಿದ್ದಬಹುದಾದ ಫೋಲ್ಡರ್‌ನಲ್ಲಿ ಇಟ್ಟಿರುವುದು. ತಿದ್ದಿದವನಿಗೆ ರೂಟ್ ಅಧಿಕಾರ ಪುಕ್ಕಟೆ. ಸ್ಕ್ರಿಪ್ಟ್‌ನ ಮತ್ತು ಅದರ ಮೇಲಿನ ಪ್ರತಿ ಫೋಲ್ಡರ್‌ನ ಒಡೆಯ ಯಾರು, ಬರೆಯುವ ಅನುಮತಿ ಯಾರಿಗಿದೆ ಎಂದು ತಪಾಸಣೆ ದಿನಾ ನೋಡಲಿ. ಕ್ರಾನ್ ಸಾಲಿನಲ್ಲೇ ಡೇಟಾಬೇಸ್ ಪಾಸ್‌ವರ್ಡ್ ಬರೆದಿದ್ದರೆ ಈ ವಾರವೇ ಬದಲಿಸಿ. ಇಲ್ಲವಾದರೆ ನಿಮ್ಮ ತಪಾಸಣಾ ವರದಿಯೇ ಪಾಸ್‌ವರ್ಡನ್ನು ಹತ್ತು ಜನರಿಗೆ ಹಂಚುತ್ತದೆ.

ಗೊತ್ತಿಲ್ಲದ ಕೆಲಸಗಳನ್ನು ಅಳಿಸಬಹುದೇ ಎಂದು ಕೇಳಿದ್ದೀರಿ. ಅಳಿಸಬೇಡಿ, ಹಂಗಾಮಿನಲ್ಲಂತೂ ಮುಟ್ಟಲೇಬೇಡಿ. ಮೊದಲು ಸ್ಕ್ರಿಪ್ಟ್ ಓದಿ, ಅದು ಯಾವ ಕೋಷ್ಟಕ ಓದುತ್ತದೆ, ಎಲ್ಲಿ ಬರೆಯುತ್ತದೆ, ಯಾರಿಗೆ ಮೇಲ್ ಕಳಿಸುತ್ತದೆ ನೋಡಿ. ಕಾರ್ಖಾನೆ ನಿಂತ ಮೇಲೆ ಒಂದೊಂದಾಗಿ ಸಾಲಿನ ಮುಂದೆ ಹ್ಯಾಷ್ ಚಿಹ್ನೆ ಹಾಕಿ ನಿಲ್ಲಿಸಿ, ದಿನಾಂಕ ಮತ್ತು ನಿಮ್ಮ ಹೆಸರು ಬರೆಯಿರಿ. ಒಂದು ತಿಂಗಳು ಯಾರೂ ಕೇಳಲಿಲ್ಲವೆಂದು ಧೈರ್ಯಗೊಳ್ಳಬೇಡಿ. ಮಾರ್ಚ್ 31ಕ್ಕೆ ಮಾತ್ರ ಓಡುವುದಿರುತ್ತದೆ, ಹಂಗಾಮು ಶುರುವಾಗುವಾಗ ಮಾತ್ರ ಬೇಕಾಗುವುದಿರುತ್ತದೆ. ವರ್ಷದ ಒಂದು ಸುತ್ತು ಪೂರ್ತಿ ಕಳೆಯಲಿ.

ಹಳಬರ ಖಾತೆಯ ವಿಷಯದಲ್ಲೂ ಅವಸರ ಬೇಡ. ಅವರ ಪಾಸ್‌ವರ್ಡ್ ಲಾಕ್ ಮಾಡಿದರಷ್ಟೇ ಅವರ ಕ್ರಾನ್ ಕೆಲಸಗಳು ನಿಲ್ಲುವುದಿಲ್ಲ, ಓಡುತ್ತಲೇ ಇರುತ್ತವೆ. ಖಾತೆಯನ್ನೇ ತೆಗೆದರೆ ಅಥವಾ ಅವಧಿ ಮುಗಿದದ್ದೆಂದು ಗುರುತಿಸಿದರೆ ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ. ಅಗತ್ಯವಾದವನ್ನು ಮೊದಲು ಪ್ರತ್ಯೇಕ ಸೇವಾ ಖಾತೆಗೆ ವರ್ಗಾಯಿಸಿ. ಕ್ರಾನ್‌ಟ್ಯಾಬ್‌ನ ಮೇಲ್‌ಟು ಸಾಲಿನಲ್ಲಿ ಇನ್ನೂ ಅವರ ವಿಳಾಸವೇ ಇದೆಯೇ ಎಂದೂ ನೋಡಿ. ಕಾರ್ಖಾನೆಯ ದೋಷಗಳೆಲ್ಲ ಕೆಲಸ ಬಿಟ್ಟವರ ಇನ್‌ಬಾಕ್ಸ್‌ಗೆ ಹೋಗುತ್ತಿರಬಹುದು.

ಲೆಕ್ಕಪರಿಶೋಧಕರಿಗೆ ಆ ವಹಿ, ಅದರ ಗಿಟ್ ಇತಿಹಾಸ, ದಿನದ ಹೋಲಿಕೆ ವರದಿಗಳನ್ನು ಕೊಡಿ. ಬರೀ ಕ್ರಾನ್ ಲಾಗ್ ಮುದ್ರಿಸಿ ಕೊಟ್ಟರೆ ಪ್ರಯೋಜನವಿಲ್ಲ. ಡೆಬಿಯನ್ ಬಳಗದಲ್ಲಿ ಕ್ರಾನ್ ಮಾಮೂಲಿಯಾಗಿ ಬರೆಯುವುದು ಕೆಲಸ ಶುರುವಾದದ್ದನ್ನು ಮಾತ್ರ. ಅದರ ಎಲ್ ಆಯ್ಕೆಗೆ 15 ಎಂದು ಕೊಟ್ಟರೆ ಮುಗಿದದ್ದನ್ನೂ ವಿಫಲವಾದದ್ದನ್ನೂ ಬರೆಯುತ್ತದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಕಂಪನಿಗಳು ತಮ್ಮ ಕಂಪ್ಯೂಟರ್ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು, ಸೈಬರ್ ಘಟನೆ ನಡೆದರೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು. ಹಳೆಯ ಲಾಗ್‌ಗಳನ್ನು ತೆಗೆಯುವ ಲಾಗ್‌ರೊಟೇಟ್ ನಿಮ್ಮ ಸರ್ವರ್‌ನಲ್ಲಿ ಮೊದಲಿನ ಹೊಂದಾಣಿಕೆಯಲ್ಲೇ ಇದ್ದರೆ ವಾರಕ್ಕೊಂದರಂತೆ ನಾಲ್ಕು ವಾರದ ಲಾಗ್ ಇಟ್ಟು ಹಳೆಯದನ್ನು ಅಳಿಸುತ್ತದೆ. ಆ ನಾಲ್ಕನ್ನು 27 ಮಾಡಿ, ಡಿಸ್ಕ್‌ನಲ್ಲಿ ಜಾಗ ಇದೆಯೇ ನೋಡಿಕೊಳ್ಳಿ. ಇದೊಂದನ್ನು ಇವತ್ತೇ ಮಾಡಬಹುದು, ಇದಕ್ಕೆ ಹಂಗಾಮು ಮುಗಿಯುವವರೆಗೆ ಕಾಯಬೇಕಿಲ್ಲ.